ಚೀಟಿರಾಯ: ಚಾಟ್‌ನಲ್ಲಿ ಮುಳುಗಿದ್ದನ್ನು ಕಾಗದದ ಮೇಲೆ ಉಗುಳುವ ಪೆಟ್ಟಿಗೆ

ನಮ್ಮ ಏಜೆನ್ಸಿಯ ಚಾಟ್‌ನಲ್ಲಿ ‘ಸುಮ್ನೆ’ ಅಂತ ಒಂದು ಚಾನೆಲ್ ಇದೆ. ಅಲ್ಲಿ ಕೆಲಸದ ಮಾತು ಆಡುವ ಹಾಗಿಲ್ಲ. ಡಿಸೈನರ್, ಕೋಡ್ ಬರೆಯುವವರು, ಕಾಪಿ ಬರೆಯುವವರು, ಲೆಕ್ಕ ನೋಡುವವರು, ಯಾರ ಕಣ್ಣಿಗೆ ಏನು ವಿಚಿತ್ರ ಬಿದ್ದರೂ ತಂದು ಅಲ್ಲಿ ಸುರಿಯುತ್ತಾರೆ. ಈಜಿಪ್ಟೂ ಬೇಡ, ಸುಡಾನೂ ಬೇಡ ಎಂದು ಬಿಟ್ಟಿರುವ ಬಿರ್ ತವೀಲ್ ಎಂಬ ಮರಳುಗಾಡಿನ ತುಂಡು. ಸ್ವಿಚ್ ಹಾಕಿದರೆ ಒಳಗಿಂದ ಒಂದು ಕೈ ಹೊರಬಂದು ಆ ಸ್ವಿಚ್ಚನ್ನೇ ಆರಿಸಿ ಒಳಗೆ ಹೋಗುವ ಪೆಟ್ಟಿಗೆ. ಪಾರಿವಾಳದ ಕಾಲಿಗೆ ಕಟ್ಟಿ ಕಳಿಸಿದ ಇಂಟರ್ನೆಟ್ ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಕಂತೆ. ಇಂಥವು.

ತೊಂದರೆ ಏನೆಂದರೆ, ಅರ್ಧ ಗಂಟೆಯೊಳಗೆ ಎಲ್ಲ ಮೇಲೆ ಸರಿದುಹೋಗುತ್ತದೆ. ಆಮೇಲೆ "ಆ ಪಾರಿವಾಳದ್ದು ಯಾರು ಹಾಕಿದ್ರು?" ಎಂದು ಹುಡುಕಿದರೆ ಸಿಗುವುದಿಲ್ಲ. ಹಾಕಿದವರು ಬರೆದದ್ದು "ಅಯ್ಯೋ, ಇದನ್ನ ನೋಡಿ" ಅಂತ ಅಷ್ಟೇ. ಪಾರಿವಾಳ ಎಂಬ ಪದವೇ ಅದರಲ್ಲಿ ಇಲ್ಲ.

ಅದಕ್ಕೆ ಒಂದು ಪೆಟ್ಟಿಗೆ ಕಟ್ಟಿದೆ. ಮುಂದಿನ ಗುಂಡಿ ಒತ್ತಿದರೆ ‘ಸುಮ್ನೆ’ಯಲ್ಲಿ ಸಿಕ್ಕಿದ್ದರಲ್ಲಿ ಒಂದು, ಬಿಲ್ ಕಾಗದದ ಮೇಲೆ ಚೀಟಿಯಾಗಿ ಹೊರಬರುತ್ತದೆ. ಆಫೀಸಿನಲ್ಲಿ ಅದಕ್ಕೆ ಚೀಟಿರಾಯ ಎಂದು ಹೆಸರು ಬಿತ್ತು. ಹಿಡಿದದ್ದು ನಾಲ್ಕು ಸಂಜೆ ಮತ್ತು ಒಂದು ಹಾಳಾದ ಭಾನುವಾರ. ಈ ಬರಹದಲ್ಲಿ ಎಡವಿದ್ದೇ ಜಾಸ್ತಿ ಇದೆ. ನೀವು ಕಟ್ಟಲು ಹೊರಟರೆ ನಿಮಗೆ ಉಪಯೋಗಕ್ಕೆ ಬರುವುದೂ ಅದೇ.

ಇದು ಹೊಸ ಯೋಚನೆಯೇನೂ ಅಲ್ಲ. ಲಂಡನ್ನಿನ ಬರ್ಗ್ ಎಂಬ ಸ್ಟುಡಿಯೋ 2012ರಲ್ಲಿ ಲಿಟಲ್ ಪ್ರಿಂಟರ್ ಎಂಬ ಮುದ್ದಾದ ಪೆಟ್ಟಿಗೆ ಮಾರಿತ್ತು. ನಗುವ ಮುಖ, ಎರಡು ಕಾಲು, ತಲೆಯಿಂದ ಕಾಗದ. ಆದರೆ ಅದು ಕೆಲಸ ಮಾಡಬೇಕಾದರೆ ಆ ಸ್ಟುಡಿಯೋದ ಸರ್ವರ್ ಇರಬೇಕಿತ್ತು. 2014ರಲ್ಲಿ ಸ್ಟುಡಿಯೋ ಮುಚ್ಚಿತು. ಹಾಗಾಗಿ ನಾನು ಶುರುವಿನಲ್ಲೇ ಒಂದು ನಿಯಮ ಹಾಕಿಕೊಂಡೆ: ನೆಟ್ ಹೋದರೂ, ಚಾಟ್ ಬದಲಾದರೂ, ಗುಂಡಿ ಒತ್ತಿದಾಗ ಚೀಟಿ ಬರಲೇಬೇಕು. ಸಿಕ್ಕಿದ್ದೆಲ್ಲ ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡ್‌ನಲ್ಲೇ ಇರಬೇಕು.

ಮೊದಲ ಸಂಜೆ: ತಂತಿ

ಸಾಮಾನು ಕಡಿಮೆ. ಒಂದು ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್ ಹಲಗೆ. ಬಿಲ್ ಯಂತ್ರಗಳಲ್ಲಿ ಬರುವ 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್ ಮಾಡ್ಯೂಲ್, ಡೇಟಾವನ್ನು ಒಂದೊಂದೇ ಬಿಟ್ ಆಗಿ ಸಾಗಿಸುವ ಸೀರಿಯಲ್ ತಂತಿ ಇರುವಂಥದ್ದು. ಆಟದ ಯಂತ್ರದಲ್ಲಿ ಇರುತ್ತದಲ್ಲ, ಅಂಥ ದೊಡ್ಡ ಕೆಂಪು ಗುಂಡಿ. ಒಂದು ಪವರ್ ಅಡಾಪ್ಟರ್.

ತಂತಿ ಹಚ್ಚುವ ಮೊದಲು ಪ್ರಿಂಟರ್‌ನ ಸ್ವಂತ ಪರೀಕ್ಷೆ ಮಾಡಿಕೊಳ್ಳಿ. ಅದರ ಮೇಲಿನ ಚಿಕ್ಕ ಗುಂಡಿ ಒತ್ತಿ ಹಿಡಿದುಕೊಂಡೇ ಕರೆಂಟ್ ಕೊಟ್ಟರೆ ತನ್ನ ಜಾತಕವನ್ನು ತಾನೇ ಮುದ್ರಿಸುತ್ತದೆ. ಸೀರಿಯಲ್ ವೇಗ ಎಷ್ಟು ಎಂಬುದು ಅದರಲ್ಲೇ ಇರುತ್ತದೆ. ಕೆಲವು ಸೆಕೆಂಡಿಗೆ 9600 ಬಿಟ್, ಕೆಲವು 19200. ಇದನ್ನು ನೋಡದೆ ನಾನು 9600 ಎಂದು ಊಹಿಸಿ ಒಂದು ಗಂಟೆ ಕಳೆದೆ. ನನ್ನದು 19200. ಪರೀಕ್ಷೆಯಲ್ಲಿ ಬರೀ ಬಿಳಿ ಕಾಗದ ಬಂದರೆ ಹೆದರಬೇಡಿ, ಸುರುಳಿ ತಿರುಗುಮುರುಗಾಗಿದೆ. ಥರ್ಮಲ್ ಕಾಗದಕ್ಕೆ ಒಂದೇ ಬದಿ ಲೇಪ ಇರುತ್ತದೆ. ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಬಿದ್ದರೆ ಅದೇ ಸರಿಯಾದ ಬದಿ. ಉಜ್ಜಿದ ಬಿಸಿಗೇ ಬಣ್ಣ ಬರುತ್ತದೆ.

ಪೈನಿಂದ ಪ್ರಿಂಟರ್‌ಗೆ ಹೋಗುವ ತಂತಿ ಸುಲಭ, ನೇರ ಹಚ್ಚಿದರೆ ಆಯಿತು. ತಿರುಗಿ ಬರುವ ತಂತಿ ಹಾಗಲ್ಲ. ಪೈನ ಕಾಲುಗಳು (ಪಿನ್) 3.3 ವೋಲ್ಟ್‌ಗೆ ಮಾಡಿದವು, ಪ್ರಿಂಟರ್ 5 ವೋಲ್ಟ್ ಕಳಿಸಬಹುದು. ನಡುವೆ 1 ಕಿಲೋ ಓಮ್ ಮತ್ತು 2 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಬೇಕು. ನಾನು ಆ ತಂತಿಯನ್ನು ಹಚ್ಚಲೇ ಇಲ್ಲ. ಹೇಳುವುದು ನಾವು, ಮಾಡುವುದು ಪ್ರಿಂಟರ್. ಅದು ನಮಗೆ ಹೇಳುವುದೇನಿದೆ ಎಂದುಕೊಂಡೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು: ಪೈನ ಸೆಟ್ಟಿಂಗ್ಸ್‌ನಲ್ಲಿ ಸೀರಿಯಲ್ ಕನ್ಸೋಲ್ ಆರಿಸಿ, ಸೀರಿಯಲ್ ಪೋರ್ಟ್ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪೈ ಎದ್ದಾಗಲೆಲ್ಲ ತನ್ನ ಬೂಟ್ ಸಂದೇಶಗಳನ್ನು ಗಜಗಟ್ಟಲೆ ಕಾಗದದ ಮೇಲೆ ಕಕ್ಕುತ್ತದೆ.

ಎರಡನೇ ಸಂಜೆ: ಕಪ್ಪು ಬಂದರೆ ಪೈ ಮಲಗುತ್ತದೆ

ಅಕ್ಷರ ಚೆನ್ನಾಗಿ ಬರುತ್ತಿತ್ತು. ಚಿತ್ರ ಕಳಿಸಿದೆ, ಅರ್ಧಕ್ಕೆ ನಿಂತಿತು. ಪೈ ತಾನಾಗಿ ರೀಸ್ಟಾರ್ಟ್ ಆಗಿತ್ತು. ಮತ್ತೆ ಕಳಿಸಿದೆ. ಅದೇ ಜಾಗದಲ್ಲಿ ಮತ್ತೆ ಸತ್ತಿತು. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂತೆ. ನಮ್ಮ ಡಿಸೈನರ್ ಹಿಂದಿನಿಂದ ನೋಡಿ ಹೇಳಿದರು: "ಯಾವಾಗ್ಲೂ ಕಪ್ಪು ಭಾಗ ಬಂದಾಗ್ಲೇ ನಿಲ್ತಾ ಇದೆ, ಅಲ್ವಾ?"

ಅಲ್ಲೇ ಇತ್ತು ಉತ್ತರ. ಈ ಪ್ರಿಂಟರ್‌ಗೆ ಶಾಯಿ ಇಲ್ಲ. ಒಂದು ಸಾಲಿನಲ್ಲಿ 384 ಪುಟ್ಟ ಹೀಟರ್‌ಗಳು ಇರುತ್ತವೆ, ಒಂದು ಮಿಲಿಮೀಟರ್‌ಗೆ 8. ಕಪ್ಪು ಬೇಕಾದ ಕಡೆ ಅವು ಬಿಸಿಯಾಗುತ್ತವೆ. ಕಾಗದದ ಲೇಪದಲ್ಲಿ ಬಣ್ಣವಿಲ್ಲದ ಡೈ ಮತ್ತು ಒಂದು ಆಮ್ಲ ಬೇರೆ ಬೇರೆಯಾಗಿ ಇರುತ್ತವೆ. ಬಿಸಿ ತಾಗಿದಾಗ ಕರಗಿ ಬೆರೆತು ಕಪ್ಪಾಗುತ್ತವೆ. ಅಕ್ಷರ ಇರುವ ಸಾಲಿನಲ್ಲಿ ಒಂದಷ್ಟೇ ಹೀಟರ್‌ಗೆ ಕೆಲಸ. ಕಪ್ಪು ಪಟ್ಟಿ ಬಂದರೆ ಎಲ್ಲವಕ್ಕೂ ಕೆಲಸ. ಒಂದೇ ಸಲ 2 ಆಂಪಿಯರ್ ಹತ್ತಿರ ಎಳೆದುಕೊಳ್ಳುತ್ತದೆ. ಅದೇ ಅಡಾಪ್ಟರ್‌ನಿಂದ, ಅದೇ ಸಪೂರ ತಂತಿಯಿಂದ ಪೈ ಕೂಡ ಕುಡಿಯುತ್ತಿತ್ತು. ವೋಲ್ಟೇಜ್ ಕುಸಿಯಿತು, ಪೈ ಬಿತ್ತು.

ಮೂರು ಕೆಲಸ ಮಾಡಿದೆ. ಪ್ರಿಂಟರ್‌ಗೆ ಬೇರೆ ಅಡಾಪ್ಟರ್ ಕೊಟ್ಟೆ, ನೆಲ ತಂತಿ (ಗ್ರೌಂಡ್) ಮಾತ್ರ ಎರಡಕ್ಕೂ ಸೇರಿಸಿದೆ. ಪ್ರಿಂಟರ್‌ನ ಪವರ್ ಕಾಲಿನ ಹತ್ತಿರವೇ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬೆಸುಗೆ ಹಾಕಿದೆ. ಮೂರನೆಯದು, 27 ಮತ್ತು 55ರಿಂದ ಶುರುವಾಗುವ ಕಮಾಂಡ್. ಅದರ ಬೆನ್ನಿಗೇ ಮೂರು ಸಂಖ್ಯೆ ಕಳಿಸಬೇಕು. ಒಂದೇ ಸಲ ಎಷ್ಟು ಹೀಟರ್ ಉರಿಯಬಹುದು, ಎಷ್ಟು ಹೊತ್ತು, ನಡುವೆ ಎಷ್ಟು ಬಿಡುವು. ನನ್ನ ಮಾಡ್ಯೂಲ್‌ನಲ್ಲಿ ಮೊದಲಿಂದ ಇದ್ದದ್ದು 7, 80, 2. ಅಂದರೆ ಸಲಕ್ಕೆ 64 ಚುಕ್ಕೆ, 800 ಮೈಕ್ರೋಸೆಕೆಂಡ್ ಬಿಸಿ, 20 ಮೈಕ್ರೋಸೆಕೆಂಡ್ ಬಿಡುವು. ಪೂರ್ತಿ ಕಪ್ಪು ಸಾಲಾದರೆ ಆರು ಕಂತಿನಲ್ಲಿ ಉರಿಯುತ್ತದೆ. ಬಿಸಿಯ ಹೊತ್ತನ್ನು 80ರಿಂದ 110ಕ್ಕೆ ಏರಿಸಿದೆ. ನಿಧಾನವಾಯಿತು, ಆದರೆ ಕಪ್ಪು ನಿಜವಾದ ಕಪ್ಪಾಯಿತು.

ಅದಾದ ಮೇಲೂ ಚಿತ್ರದ ನಡುವೆ ಕಸದಂಥ ಅಕ್ಷರಗಳು. ಇದು ಬೇರೆ ರೋಗ. ಲೆಕ್ಕ ಹಾಕಿ ನೋಡಿ: 10 ಸೆಂಟಿಮೀಟರ್ ಚಿತ್ರ ಎಂದರೆ 800 ಸಾಲು, ಸಾಲಿಗೆ 48 ಬೈಟ್, ಒಟ್ಟು 38,400 ಬೈಟ್. ತಂತಿಯ ಮೇಲೆ ಬೈಟ್‌ಗೆ 10 ಬಿಟ್, ಹಾಗಾಗಿ 19200 ವೇಗದಲ್ಲಿ ಇಷ್ಟು ಹೋಗಲು 20 ಸೆಕೆಂಡ್ ಸಾಕು. ಆದರೆ ಪ್ರಿಂಟರ್ ಅಷ್ಟು ಬೇಗ ಉರಿಸಲಾರದು. ಅದರ ಹೊಟ್ಟೆಯೂ ಸಣ್ಣದು. ತುಂಬಿದ ಮೇಲೆ ಬಂದದ್ದನ್ನು ಚೆಲ್ಲುತ್ತದೆ. ನಡುವಿನ ನಾಲ್ಕು ಬೈಟ್ ಹೋದರೆ ಲೆಕ್ಕ ತಪ್ಪಿ, ಉಳಿದ ಚಿತ್ರವನ್ನು ಅಕ್ಷರ ಎಂದು ಓದಿಕೊಳ್ಳುತ್ತದೆ. ಚಿತ್ರವನ್ನು 24 ಸಾಲಿನ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದರ ನಡುವೆ ಸ್ವಲ್ಪ ಉಸಿರು ಬಿಟ್ಟು ಕಳಿಸಿದೆ. ಚಿತ್ರ ಬರುತ್ತಿದೆ ಎಂದು ಹೇಳುವ 29, 118, 48ರ ಕಮಾಂಡ್ ಒಂದೊಂದು ಪಟ್ಟಿಗೂ ಹೊಸದಾಗಿ. ಆಮೇಲೆ ಕಸ ಬರಲಿಲ್ಲ.

384ರ ಮೋಡಿ

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಏಕೆಂದರೆ ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಸಂಖ್ಯೆ.

ಮೊದಲು ಪರೀಕ್ಷೆಗೆ ತೆಗೆದುಕೊಂಡದ್ದು 1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಫೋನುಗಳಿಗೆ ಶಿಗೆಟಾಕಾ ಕುರಿಟಾ ಮಾಡಿದ 176 ಎಮೋಜಿಗಳು. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ 2016ರಲ್ಲಿ ಇವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಒಂದೊಂದೂ ಬರೀ 12 ಚುಕ್ಕೆ ಅಗಲ, 12 ಚುಕ್ಕೆ ಎತ್ತರ. ದೊಡ್ಡದು ಮಾಡಿ ಕಾಗದದ ಪೂರ್ತಿ ಅಗಲಕ್ಕೆ ಹಿಗ್ಗಿಸಬೇಕಿತ್ತು. 12ನ್ನು 32ರಿಂದ ಗುಣಿಸಿದರೆ 384. ಒಂದು ಚುಕ್ಕೆಯೂ ಹೆಚ್ಚಿಲ್ಲ, ಕಡಿಮೆ ಇಲ್ಲ.

ಹಾಗಾದರೆ 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಬಿಡಿಸಿದ ಐಕಾನ್‌ಗಳು? ಅವು 32 ಚುಕ್ಕೆಯ ಚೌಕ. 12ರಿಂದ ಗುಣಿಸಿದರೆ ಅದೇ 384.

ಕಾಫಿ ಪಾತ್ರೆಯ ಕ್ಯಾಮೆರಾ ಗೊತ್ತಿರಬಹುದು. ಕೇಂಬ್ರಿಡ್ಜ್‌ನ ಕಂಪ್ಯೂಟರ್ ಲ್ಯಾಬ್‌ನವರು 1991ರಲ್ಲಿ ಪಾತ್ರೆ ಖಾಲಿಯಾಗಿದೆಯೋ ಇಲ್ಲವೋ ಎಂದು ತಮ್ಮ ಮೇಜಿನಿಂದಲೇ ನೋಡಲು ಇಟ್ಟದ್ದು. 1993ರಲ್ಲಿ ಅದು ವೆಬ್‌ಗೆ ಬಂತು, 2001ರಲ್ಲಿ ಆರಿಸಿದರು. ಆ ಚಿತ್ರ 128 ಚುಕ್ಕೆಯ ಚೌಕ. ಮೂರರಿಂದ ಗುಣಿಸಿ. ಅಷ್ಟರಲ್ಲಿ ನಾನು ಕುರ್ಚಿಯಿಂದ ಎದ್ದು ಓಡಾಡುತ್ತಿದ್ದೆ.

ಗೇಮ್ ಬಾಯ್ ಕ್ಯಾಮೆರಾದ ಫೋಟೋ ಕೂಡ 128 ಅಗಲ, 112 ಎತ್ತರ. ಅದರಲ್ಲಿ ಇರುವುದು ನಾಲ್ಕೇ ಛಾಯೆ. ಮೂರು ಪಟ್ಟು ಹಿಗ್ಗಿಸಿದರೆ ಒಂದೊಂದು ಹಳೆಯ ಚುಕ್ಕೆಗೆ ಒಂಬತ್ತು ಹೊಸ ಚುಕ್ಕೆಗಳ ಮನೆ ಸಿಗುತ್ತದೆ. ಬಿಳಿಗೆ ಸೊನ್ನೆ, ತಿಳಿ ಬೂದು ಬಣ್ಣಕ್ಕೆ ಮೂರು, ಗಾಢ ಬೂದು ಬಣ್ಣಕ್ಕೆ ಆರು, ಕಪ್ಪಿಗೆ ಒಂಬತ್ತು. ಛಾಯೆಯನ್ನು ಎಲ್ಲಿಗೂ ಹಂಚದೆ ಅದರ ಮನೆಯಲ್ಲೇ ಇಡಬಹುದು. ಸಹೋದ್ಯೋಗಿಯೊಬ್ಬರು ಚಿಕ್ಕಂದಿನಲ್ಲಿ ತೆಗೆದ ತಮ್ಮ ನಾಯಿಯ ಫೋಟೋ ತಂದುಕೊಟ್ಟರು. ಅದು ಹೊರಬಂದಾಗ ಇಡೀ ಸಾಲಿನವರು ಎದ್ದು ಬಂದರು.

ಹಿಗ್ಗಿಸುವಾಗ ಒಂದು ಎಚ್ಚರ: ಪಿಲ್ಲೋ ಎಂಬ ಪೈಥಾನ್ ಚಿತ್ರ ಲೈಬ್ರರಿಯಲ್ಲಿ ‘ನಿಯರೆಸ್ಟ್’ ಎಂದೇ ಹೇಳಬೇಕು. ಬೇರೆ ಯಾವುದು ಕೊಟ್ಟರೂ ಅಂಚು ಮಸುಕಾಗಿ, ಐಕಾನ್‌ನ ಸುತ್ತ ಗಡ್ಡ ಬೆಳೆಯುತ್ತದೆ.

ಮಾಮೂಲಿ ಫೋಟೋಗಳಿಗೆ ಈ ಭಾಗ್ಯ ಇಲ್ಲ. ಅವಕ್ಕೆ ಡಿದರಿಂಗ್ ಬೇಕು, ಅಂದರೆ ಬರೀ ಕಪ್ಪು ಬಿಳಿ ಚುಕ್ಕೆಗಳನ್ನು ಚೆದುರಿಸಿ ಬೂದು ಬಣ್ಣದ ಭ್ರಮೆ ಹುಟ್ಟಿಸುವುದು. ಪಿಲ್ಲೋ ತಾನಾಗಿ ಮಾಡುವುದು 1976ರ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನ. ಒಂದು ಚುಕ್ಕೆಯನ್ನು ಕಪ್ಪೋ ಬಿಳಿಯೋ ಮಾಡಿದಾಗ ಆಗುವ ತಪ್ಪನ್ನು 16 ಪಾಲು ಮಾಡಿ, ಪಕ್ಕದ ಚುಕ್ಕೆಗೆ 7, ಕೆಳಗಿನ ಮೂರಕ್ಕೆ 3, 5, 1 ಎಂದು ಹಂಚುತ್ತದೆ. ತೆರೆಯ ಮೇಲೆ ಚೆಂದ. ಥರ್ಮಲ್ ಕಾಗದದಲ್ಲಿ ಬಿಸಿ ಹರಡುವುದರಿಂದ ಚುಕ್ಕೆಗಳು ದಪ್ಪಗಾಗಿ ಮುಖಗಳೆಲ್ಲ ಮಸಿ ಮೆತ್ತಿದಂತೆ ಬಂದವು. ಮ್ಯಾಕಿಂಟಾಷ್ ತಂಡದ ಬಿಲ್ ಅಟ್ಕಿನ್ಸನ್‌ರ ವಿಧಾನ ಇದಕ್ಕೆ ಹೇಳಿ ಮಾಡಿಸಿದ್ದು. ಅದು ತಪ್ಪಿನ ಎಂಟು ಪಾಲಿನಲ್ಲಿ ಆರನ್ನು ಮಾತ್ರ ಹಂಚಿ, ಉಳಿದ ಎರಡನ್ನು ಬಿಟ್ಟುಬಿಡುತ್ತದೆ. ಬೆಳಕಿನ ಭಾಗ ತೊಳೆದಂತೆ ಬಿಳಿಯಾಗಿ ಉಳಿಯುತ್ತದೆ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಕೋಡ್, ಪೈ ಝೀರೋ ಮೇಲೆ ಸ್ವಲ್ಪ ನಿಧಾನ. ನಿಧಾನವಾದರೆ ಏನಂತೆ, ಚಿತ್ರ ಬಂದ ತಕ್ಷಣ ಒಮ್ಮೆ ಮಾಡಿ ಕಾರ್ಡ್‌ನಲ್ಲಿ ಇಟ್ಟುಬಿಡುತ್ತೇನೆ.

ಮೂರನೇ ಸಂಜೆ ಮತ್ತು ಹಾಳಾದ ಭಾನುವಾರ: ಕನ್ನಡ

ಚಾಟ್‌ನಲ್ಲಿ ನಾವು ಬರೆಯುವುದು ಕನ್ನಡದಲ್ಲಿ. ‘ವಿಚಿತ್ರ’ ಎಂದು ಕಳಿಸಿದೆ. ಪ್ರಿಂಟರ್ ಚೀನೀ ಅಕ್ಷರ ಮುದ್ರಿಸಿತು!

ನಗು ನಿಂತ ಮೇಲೆ ಕಾರಣ ತಿಳಿಯಿತು. ಇಂಥ ಬಹಳಷ್ಟು ಮಾಡ್ಯೂಲ್‌ಗಳ ಒಳಗೆ ಚೀನೀ ಫಾಂಟ್ ಇರುತ್ತದೆ. ನಾವು ಪಠ್ಯ ಕಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ಪ್ರಿಂಟರ್‌ನ ಪದ್ಧತಿಯಲ್ಲಿ ಚೀನೀ ಅಕ್ಷರ ಎರಡು ಬೈಟ್. ಪ್ರಿಂಟರ್ ನಮ್ಮ ಬೈಟ್‌ಗಳನ್ನು ಎರಡೆರಡಾಗಿ ಜೋಡಿಸಿಕೊಂಡು ತನಗೆ ಗೊತ್ತಿದ್ದ ಹಾಗೆ ಓದಿದೆ. ಹಾಗಾಗಿ ಕನ್ನಡವನ್ನು ಅಕ್ಷರವಾಗಿ ಕಳಿಸುವ ಆಸೆ ಬಿಡಬೇಕು. ಪೈ ಮೇಲೆ ಚಿತ್ರವಾಗಿ ಬರೆದು, ಚಿತ್ರವನ್ನೇ ಕಳಿಸಬೇಕು.

ಲ್ಯಾಪ್‌ಟಾಪ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ಬರೆದೆ. ಚಿನ್ನದಂಥ ಅಕ್ಷರ. ಅದೇ ಕೋಡನ್ನು ಪೈಗೆ ಹಾಕಿದೆ. ‘ವಿಚಿತ್ರ’ದ ರಾವತ್ತು ಮಾಯ. ‘ವಿಚಿತ್‌’ ಆದಮೇಲೆ ಒಂದು ಪೂರ್ತಿ ‘ರ’ ಪಕ್ಕದಲ್ಲಿ ನಿಂತಿತ್ತು. ‘ಕಾರ್ಯ’ದ ಅರ್ಕಾವತ್ತೂ ಹಾಗೇ. ಓದಲು ಆಗುತ್ತದೆ, ಆದರೆ ಕಣ್ಣಿಗೆ ಕಲ್ಲು ಸಿಕ್ಕಿದ ಹಾಗೆ.

ಭಾನುವಾರ ಹಾಳಾದದ್ದು ಇಲ್ಲಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಮೀಸಲು. ಒತ್ತಕ್ಷರಗಳಿಗೆ ಅದರಲ್ಲಿ ಸ್ವಂತ ಜಾಗ ಇಲ್ಲ. ತ, ಹಲಂತ, ರ ಎಂದು ಮೂರು ಸಂಕೇತ ಹೋಗುತ್ತವೆ. ಇದನ್ನು ‘ತ್ರ’ ಎಂದು ಕೂಡಿಸುವುದು ಫಾಂಟ್ ಮತ್ತು ಶೇಪಿಂಗ್ ಎಂಜಿನ್ ಸೇರಿ ಮಾಡುವ ಕೆಲಸ. ಪಿಲ್ಲೋ ಇದಕ್ಕೆ ರಕ್ಮ್ ಎಂಬ ಲೈಬ್ರರಿಯನ್ನು, ಅದು ಒಳಗೆ ಹಾರ್ಫ್‌ಬಝ್ ಎಂಬ ಶೇಪಿಂಗ್ ಎಂಜಿನ್ ಅನ್ನು ನಂಬಿಕೊಂಡಿದೆ. ರಕ್ಮ್ ಸಿಗದಿದ್ದರೆ ಪಿಲ್ಲೋ ಜಗಳ ಮಾಡುವುದಿಲ್ಲ. ಸುಮ್ನೆ ಸಾದಾ ವಿಧಾನಕ್ಕೆ ಇಳಿದು ಅಕ್ಷರಗಳನ್ನು ಸಾಲಾಗಿ ಇಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ರಕ್ಮ್ ಇತ್ತು, ಪೈನಲ್ಲಿ ಇರಲಿಲ್ಲ. ಒಂದು ಎಚ್ಚರಿಕೆಯನ್ನಾದರೂ ಕೊಡಬಾರದಿತ್ತೇ? ನಾನು ಮಧ್ಯಾಹ್ನದವರೆಗೆ ಬೇರೆ ಬೇರೆ ಫಾಂಟ್ ಬದಲಿಸುತ್ತಾ, ಫಾಂಟ್ ಮಾಡಿದವರನ್ನು ಬೈಯುತ್ತಾ ಕೂತಿದ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ನೀವು ಮಾಡುವಾಗ ಮೊದಲ ಸಾಲಿನಲ್ಲೇ ಪಿಲ್ಲೋನ ಫೀಚರ್ ಪಟ್ಟಿಯಲ್ಲಿ ರಕ್ಮ್ ಇದೆಯಾ ಎಂದು ಕೇಳಿ. ಇಲ್ಲ ಎಂದರೆ ಅಲ್ಲೇ ಕೋಡ್ ನಿಲ್ಲಲಿ.

ರಕ್ಮ್ ಹಾಕಿದ ಮೇಲೂ ಸಣ್ಣಪುಟ್ಟ ತಂಟೆ ಉಳಿದವು. 24 ಚುಕ್ಕೆ ಎತ್ತರದ ಅಕ್ಷರ, ಅಂದರೆ 3 ಮಿಲಿಮೀಟರ್, ಇಂಗ್ಲಿಷ್‌ಗೆ ಸಾಕಾಗಬಹುದು. ಕನ್ನಡದ ಒತ್ತಿಗೆ ಸಾಲದು, ಮಸಿಯ ಮುದ್ದೆಯಾಗುತ್ತದೆ. 30ಕ್ಕೆ ಏರಿಸಿ, ಸಪೂರದ ಬದಲು ಮಧ್ಯಮ ದಪ್ಪದ ಫಾಂಟ್ ಹಾಕಿದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಸಾಲು ಮುರಿಯುವುದು ಪದದ ಕೊನೆಯಲ್ಲೇ ಇರಲಿ. ಎಷ್ಟು ಸಂಕೇತ ಎಂದು ಎಣಿಸಿ ಮುರಿದರೆ ಹಲಂತ ಒಂದು ಸಾಲಿನಲ್ಲಿ, ಒತ್ತು ಇನ್ನೊಂದು ಸಾಲಿನಲ್ಲಿ ಬೀಳುತ್ತದೆ. ಇನ್ನೊಂದು ಮುಖ್ಯ ಸಂಗತಿ: ಅಕ್ಷರಕ್ಕೆ ಡಿದರಿಂಗ್ ಮಾಡಬೇಡಿ. ಅಂಚಿನ ಬೂದು ಬಣ್ಣವೆಲ್ಲ ಮೊಡವೆಯಾಗುತ್ತದೆ. ಅಕ್ಷರವನ್ನು ನೇರವಾಗಿ ಕಪ್ಪು ಅಥವಾ ಬಿಳಿ ಎಂದು ಕತ್ತರಿಸಿ, ಚಿತ್ರಕ್ಕೆ ಮಾತ್ರ ಡಿದರಿಂಗ್ ಮಾಡಿ, ಆಮೇಲೆ ಎರಡನ್ನೂ ಅಂಟಿಸಿ.

ಎಮೋಜಿ ಬಂದ ಕಡೆಯೆಲ್ಲ ಖಾಲಿ ಚೌಕ ಬರುತ್ತಿತ್ತು. ಈ ಚೌಕಗಳನ್ನು ತೋಫು ಎನ್ನುತ್ತಾರೆ. ತೋಫು ಇರಬಾರದು ಎಂದೇ ಈ ಫಾಂಟ್ ಕುಟುಂಬಕ್ಕೆ ನೋಟೋ ಎಂದು ಹೆಸರಿಟ್ಟದ್ದು. ನನ್ನ ಕಾಗದದ ಮೇಲೆ ತೋಫುವಿನ ಸಾಲು! ಬಣ್ಣದ ಎಮೋಜಿಯನ್ನು ಕಪ್ಪುಬಿಳುಪಿಗೆ ಇಳಿಸಿ ಒದ್ದಾಡುವ ಬದಲು ಕಿತ್ತೆಸೆದೆ. ಯಾರೂ ಗಮನಿಸಲಿಲ್ಲ.

ನಾಲ್ಕನೇ ಸಂಜೆ: ಡಬ್ಬಿ

ಒಂದು ಹಳೆಯ ತಗಡಿನ ಡಬ್ಬಿ ಇತ್ತು, ನೋಡಲು ಭಾರಿ ಸೊಗಸು. ಕತ್ತರಿಸಿ, ಅಂಚು ಉಜ್ಜಿ, ಪೈ ಒಳಗಿಟ್ಟು ಮುಚ್ಚಳ ಹಾಕಿದೆ. ವೈಫೈ ಹೋಯಿತು. ಮುಚ್ಚಳ ತೆಗೆದರೆ ಬರುತ್ತದೆ, ಹಾಕಿದರೆ ಹೋಗುತ್ತದೆ. ಲೋಹದ ಡಬ್ಬಿ ರೇಡಿಯೋ ಅಲೆಯನ್ನು ತಡೆಯುತ್ತದೆ ಎಂದು ಗೊತ್ತಿಲ್ಲದವನೇನಲ್ಲ ನಾನು. ಗೊತ್ತಿದ್ದೂ ಮಾಡಿದೆ. ಕೊನೆಗೆ 3 ಮಿಲಿಮೀಟರ್ ಪ್ಲೈವುಡ್‌ನ ಪೆಟ್ಟಿಗೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಪ್ರಿಂಟರ್ ಕೂರಿಸಿ ನೋಡಿದೆ, ಆಮೇಲೆ ಮರ ಮುಟ್ಟಿದೆ. ಅಷ್ಟು ಬುದ್ಧಿ ಬಂದಿತ್ತು.

ಪೆಟ್ಟಿಗೆಯನ್ನು ಗೋಡೆಗೆ ತೂಗುಹಾಕಿದ್ದರಿಂದ ಕಾಗದ ಕೆಳಕ್ಕೆ ಇಳಿಯುತ್ತದೆ, ಅಕ್ಷರ ತಲೆಕೆಳಗು. ಇಡೀ ಚೀಟಿಯ ಚಿತ್ರವನ್ನು 180 ಡಿಗ್ರಿ ತಿರುಗಿಸಿ ಕೊನೆಯ ಸಾಲಿನಿಂದ ಮುದ್ರಿಸಿದೆ. ಇದರಿಂದ ಒಂದು ಮಜಾ ಸಿಕ್ಕಿತು. ಮೊದಲು ಕೊನೆಯ ಸಾಲು ಬರುತ್ತದೆ, ತಲೆಬರಹ ಎಲ್ಲಕ್ಕಿಂತ ಕೊನೆಗೆ. ಜನ ಅಲ್ಲೇ ನಿಂತು ಅದು ಏನೆಂದು ಊಹಿಸಲು ಶುರು ಮಾಡಿದರು.

ಗುಂಡಿ ಒಂದು ಸಲ ಒತ್ತಿದರೆ ಎರಡು ಚೀಟಿ ಬರುತ್ತಿದ್ದವು. ಒಳಗಿನ ಲೋಹದ ತುಂಡು ತಾಗುವಾಗ ಕುಣಿಯುತ್ತದೆ, ಪೈ ಪ್ರತಿ ಕುಣಿತವನ್ನೂ ಒತ್ತು ಎಂದು ಎಣಿಸುತ್ತದೆ. 50 ಮಿಲಿಸೆಕೆಂಡ್ ಕಿವುಡಾಗಿರು ಎಂದೆ, ಸರಿಹೋಯಿತು.

ಚೀಟಿಯ ತುದಿಯಲ್ಲಿ ಮೂಲ ಲಿಂಕ್‌ಗೆ ಕ್ಯೂಆರ್ ಕೋಡ್. ಲಿಂಕ್‌ಗಳ ಬಾಲದಲ್ಲಿ ಬರುವ ಉದ್ದುದ್ದದ ಜಾಹೀರಾತು ಗುರುತುಗಳನ್ನು ಕತ್ತರಿಸಿದೆ. ನಾವೇ ದಿನವಿಡೀ ಗಿರಾಕಿಗಳ ಲಿಂಕ್‌ಗೆ ಅಂಥ ಬಾಲ ಕಟ್ಟುವವರು, ಅದು ಬೇರೆ ಮಾತು. 42 ಅಕ್ಷರದೊಳಗೆ ಬಂದರೆ 29 ಚೌಕ ಅಗಲದ ಕೋಡ್ ಸಾಕು, ಅದೂ ಶೇಕಡಾ 15ರಷ್ಟು ಹಾಳಾದರೂ ಓದುವ ಮಟ್ಟದಲ್ಲಿ. ಚೌಕಕ್ಕೆ 5 ಚುಕ್ಕೆ, ಸುತ್ತ 4 ಚೌಕದ ಬಿಳಿ ಅಂಚು. ಒಟ್ಟು 185 ಚುಕ್ಕೆ, ಸುಮಾರು 23 ಮಿಲಿಮೀಟರ್. ಚೌಕಕ್ಕೆ 3 ಚುಕ್ಕೆ ಕೊಟ್ಟಾಗ ಅರ್ಧದಷ್ಟು ಫೋನ್‌ಗಳು ಓದಲಿಲ್ಲ.

ಓಡಲು ಶುರುವಾದ ಮೇಲೆ

ಚಾನೆಲ್‌ಗೆ ಬಂದದ್ದನ್ನೆಲ್ಲ ಮುದ್ರಿಸುವುದು ನನ್ನ ಮೊದಲ ಯೋಜನೆ. ಅದು ಮೂರು ದಿನ ನಡೆಯಿತು. ಮೂರನೇ ದಿನ ಗಿರಾಕಿಯೊಬ್ಬರು ಆಫೀಸಿಗೆ ಬಂದಿದ್ದರು. "ಇದೇನಿದು?" ಎಂದು ಗುಂಡಿ ಒತ್ತಿದರು. ಅವರದೇ ಲೋಗೋಗೆ ಯಾರೋ ಮೀಸೆ ಬಿಡಿಸಿ ‘ಸುಮ್ನೆ’ಯಲ್ಲಿ ಹಾಕಿದ್ದರು. ತಲೆಕೆಳಗಿನ ವ್ಯವಸ್ಥೆಯಿಂದಾಗಿ ಮೊದಲು ಮೀಸೆ ಮಾತ್ರ ಬಂತು, ಲೋಗೋ ಆಮೇಲೆ ನಿಧಾನವಾಗಿ. ಅವರು ನಕ್ಕರು. ನಾವು ಯಾರೂ ಉಸಿರಾಡಲಿಲ್ಲ.

ಆವತ್ತೇ ನಿಯಮ ಬದಲಾಯಿಸಿದೆ. ಹಾಕಿದವರೇ ತಮ್ಮ ಸಂದೇಶಕ್ಕೆ ಪಿನ್ ಗುರುತು ಒತ್ತಬೇಕು. ಜೊತೆಗೆ ಅದು ಏನು ಎಂದು ತಮ್ಮ ಮಾತಿನಲ್ಲಿ ಎರಡು ಸಾಲು ಬರೆಯಬೇಕು. ಎರಡು ಸಾಲು ಇಲ್ಲದಿದ್ದರೆ ಪೆಟ್ಟಿಗೆ ಅದನ್ನು ತೆಗೆದುಕೊಳ್ಳುವುದಿಲ್ಲ. ಲಿಂಕ್ ಇಂದು ಇರುತ್ತದೆ, ನಾಳೆ ಸಾಯುತ್ತದೆ, ಆಗ ಚೀಟಿಯಲ್ಲಿ ಉಳಿಯುವುದು ಆ ಎರಡು ಸಾಲೇ. ಮೊದಲು ಗೊಣಗಾಟ ಇತ್ತು. "ಲಿಂಕ್ ನೋಡಿದ್ರೆ ಗೊತ್ತಾಗಲ್ವಾ?" ಎಂದರು. ಆಮೇಲೆ ಬರೆಯಲು ಶುರು ಮಾಡಿದರು. ಬರೆಯಲು ಕೂತಾಗ ಕೆಲವು ಸಂಗತಿಗಳು ತಾವಾಗಿ ಬಿದ್ದುಹೋದವು, ಏಕೆಂದರೆ ಎರಡು ಸಾಲಿನಷ್ಟೂ ಹುರುಳು ಅವುಗಳಲ್ಲಿ ಇರಲಿಲ್ಲ. ಕೆಲವು ತಿದ್ದಿಕೊಂಡವು. ನಲ್ ಐಲ್ಯಾಂಡ್ ಎಂಬ ದ್ವೀಪದ ಬಗ್ಗೆ ಹಾಕಿದ್ದವರು, ಬರೆಯುವ ಮುಂಚೆ ನೋಡಿದರೆ ಅಲ್ಲಿ ದ್ವೀಪವೇ ಇಲ್ಲ. ಅಕ್ಷಾಂಶ 0, ರೇಖಾಂಶ 0, ಬರೀ ಸಮುದ್ರ. ವಿಳಾಸ ತಪ್ಪಿದ ಡೇಟಾ ಎಲ್ಲ ನಕ್ಷೆಯಲ್ಲಿ ಅಲ್ಲಿಗೆ ಹೋಗಿ ಬೀಳುತ್ತದೆ. ಅವರ ಎರಡು ಸಾಲು ಲಿಂಕ್‌ಗಿಂತ ಚೆನ್ನಾಗಿತ್ತು.

ತನ್ನನ್ನೇ ಆರಿಸಿಕೊಳ್ಳುವ ಪೆಟ್ಟಿಗೆಯ ಚೀಟಿಯೂ ಹಾಗೇ ಬೆಳೆಯಿತು. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದಾಗ ಮಾರ್ವಿನ್ ಮಿನ್ಸ್ಕಿಗೆ ಹೊಳೆದದ್ದು, ಕ್ಲಾಡ್ ಶಾನನ್ ಅದನ್ನು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅದರ ಕೆಳಗೆ ನಮ್ಮ ಲೆಕ್ಕದವರು ಸೇರಿಸಿದ ಸಾಲು: "ಬಜೆಟ್ ಮೀಟಿಂಗ್‌ಗೆ ಒಂದು ಬೇಕು."

ಪಾರಿವಾಳದ್ದು ಎಲ್ಲರಿಗೂ ಅಚ್ಚುಮೆಚ್ಚು. 1990ರ ಏಪ್ರಿಲ್ 1ರಂದು ಬಂದ ಆರ್‌ಎಫ್‌ಸಿ 1149, ಹಕ್ಕಿಗಳ ಮೂಲಕ ಇಂಟರ್ನೆಟ್ ಪ್ಯಾಕೆಟ್ ಸಾಗಿಸುವ ತಾಂತ್ರಿಕ ನಿಯಮ. ತಮಾಷೆಗೆ ಬರೆದದ್ದು. 2001ರಲ್ಲಿ ನಾರ್ವೆಯ ಬರ್ಗನ್‌ನ ಲಿನಕ್ಸ್ ಬಳಗದವರು ನಿಜವಾಗಿ ಮಾಡಿಯೇ ಬಿಟ್ಟರು. 9 ಪ್ಯಾಕೆಟ್ ಕಳಿಸಿದರು, 4ಕ್ಕೆ ಉತ್ತರ ಬಂತು. ಒಂದು ಉತ್ತರಕ್ಕೆ ಸರಾಸರಿ ಒಂದೂವರೆ ಗಂಟೆಯ ಹತ್ತಿರ.

ಕಾಗದದ ಬಗ್ಗೆ ಎರಡು ಮಾತು. ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಇಲ್ಲದ ಸುರುಳಿಯನ್ನೇ ತನ್ನಿ. ಯುರೋಪಿಯನ್ ಒಕ್ಕೂಟ 2020ರಿಂದ ಥರ್ಮಲ್ ಕಾಗದದಲ್ಲಿ ಅದನ್ನು ನಿರ್ಬಂಧಿಸಿದೆ. ದಿನಾ ಹತ್ತಾರು ಕೈ ಮುಟ್ಟುವ ಚೀಟಿಗೆ ಅಷ್ಟು ಕಾಳಜಿ ಇರಲಿ. ಎರಡನೆಯದು, ಚೀಟಿಗಳನ್ನು ಕಿಟಕಿಯ ಗಾಜಿಗೆ ಸೆಲ್ಲೋ ಟೇಪ್‌ನಿಂದ ಅಂಟಿಸಿದೆವು. ಬಿಸಿಲಿಗೂ ಟೇಪಿನ ಗೋಂದಿಗೂ ಸಿಕ್ಕಿ ಕೆಲವೇ ವಾರಗಳಲ್ಲಿ ಮಾಸಿದವು. ಈಗ ನೆರಳಿನ ಗೋಡೆಯಲ್ಲಿ ಒಂದು ದಾರ, ಅದಕ್ಕೆ ಕ್ಲಿಪ್.

ಇನ್ನು ಆ ಹಚ್ಚದ ತಂತಿ. ಕಳೆದ ವಾರ ಗುಂಡಿ ಒತ್ತಿದವರಿಗೆಲ್ಲ ‘ಗುರ್’ ಎಂಬ ಸದ್ದು ಮಾತ್ರ ಕೇಳಿಸುತ್ತಿತ್ತು. ಕಾಗದ ಮುಗಿದಿತ್ತು. ಪ್ರಿಂಟರ್‌ಗೆ ಅದು ಗೊತ್ತಿತ್ತು. ಹೇಳಲು ಬಾಯಿ ಇತ್ತು, ಕೇಳಲು ನಾನು ಕಿವಿ ಇಟ್ಟಿರಲಿಲ್ಲ. ಪೈ ತನ್ನ ಪಾಡಿಗೆ ಕಳಿಸುತ್ತಾ, ಡೇಟಾಬೇಸ್‌ನಲ್ಲಿ ‘ಮುದ್ರಿಸಿದೆ’ ಎಂದು ಗುರುತು ಹಾಕುತ್ತಾ ಹೋಗಿತ್ತು. ಲಾಗ್ ತೆಗೆದು ಎಣಿಸಿದೆ: 9 ಚೀಟಿ ಗಾಳಿಗೆ ಹೋಗಿದ್ದವು.

"ಒಂಬತ್ತಕ್ಕೆ ಒಂದೂ ಬರ್ಲಿಲ್ವಾ?" ಎಂದರು ಡಿಸೈನರ್. "ಪಾರಿವಾಳಗಳು ನಾಲ್ಕಾದ್ರೂ ತಂದಿದ್ವು."

ಪೆಟ್ಟಿಗೆ ಈಗ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ. 1 ಕಿಲೋ ಓಮ್, 2 ಕಿಲೋ ಓಮ್, ತಿರುಗಿ ಬರುವ ತಂತಿ. ಪ್ರತಿ ಚೀಟಿಗೆ ಮೊದಲು 27, 118, 0 ಎಂದು ಕೇಳಬೇಕು, ಬಂದ ಬೈಟ್‌ನ ಬಲದಿಂದ ಮೂರನೇ ಬಿಟ್ 1 ಆಗಿದ್ದರೆ ಕಾಗದ ಇಲ್ಲ. ಆ ಒಂಬತ್ತನ್ನೂ ‘ಮುದ್ರಿಸಿಲ್ಲ’ ಎಂದು ವಾಪಸ್ ಹಾಕಿದ್ದೇನೆ. ಬೆಸುಗೆ ಕಡ್ಡಿ ಕಾಯುತ್ತಿದೆ.